ಸಪ್ಪಳವಿಲ್ಲದ ಪಂಪು

ಡಬ್ಬಿಯ ಮೇಲೆ ‘ಒಂಚೂರೂ ಸಪ್ಪಳವಿಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಹಿಂದವಾಡಿಯ ನಮ್ಮ ಮನೆಯ ಮೀನಿನ ತೊಟ್ಟಿಗೆ ಇವತ್ತು ತಂದ ಹೊಸ ಪಂಪು ಇದು. ಹಳೆಯದರ ಗುರುಗುರು ಕೇಳಿ ತಲೆ ಚಿಟ್ಟು ಹಿಡಿಯಿತೆಂದು ಹೆಂಡತಿ ಗಂಟುಬಿದ್ದು ತರಿಸಿದಳು. ಬೇರೆಯವರಾದರೆ ಆ ಅಕ್ಷರ ಓದಿ ಖುಷಿಪಡುತ್ತಿದ್ದರು. ನನಗೆ ಭಯ ಹತ್ತಿತು. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ನೇಕಾರರ ಓಣಿಗಳ ವಡಗಾವಿಗೆ ಕರೆದೊಯ್ಯಬೇಕು.

ವಡಗಾವಿಯ ಸಂದಿಯೊಂದರಲ್ಲಿ ನನ್ನ ಸೋದರಮಾವನ ಮನೆ. ನಡುಮನೆಯಲ್ಲೇ ಪವರ್‌ಲೂಮ್ ಮಗ್ಗಗಳು. ಆ ಮನೆಯಲ್ಲಿ ಗುಟ್ಟನ್ನೂ ಕೂಗಿಯೇ ಹೇಳಬೇಕಾಗುತ್ತಿತ್ತು. ವಯಸ್ಸಾಯಿತೆಂದು ಮಾಮಾ ಮಗ್ಗಗಳನ್ನು ಮಾರಿದರು. ಮನೆ ಗಪ್ಪಾಯಿತು, ಅವರ ನಿದ್ದೆ ಹೋಯಿತು. ಸಪ್ಪಳ ನಿಂತರೆ ಎಲ್ಲೋ ಎಳೆ ಹರಿದಿದೆ ಎಂದು ಎದ್ದು ಓಡಿ ರೂಢಿಯಾದ ದೇಹ. ಮಗ್ಗವೇ ಇಲ್ಲದ ಮನೆಯಲ್ಲೂ ದಡಬಡಿಸಿ ಏಳುತ್ತಿದ್ದರು. ಊಟ ಸೇರದೆ ಮೈ ಇಳಿಯಿತು.

“ಹಿಂಗ ಆದ್ರ ಇವ್ರು ನನಗ ಉಳಿಯೂದಿಲ್ಲ ನೋಡಪಾ,” ಎಂದು ಅತ್ತೆ ನನ್ನೆದುರು ಕಣ್ಣೊರೆಸಿಕೊಂಡರು.

ಆಗ ನಾನು ಖಾನಾಪುರದಲ್ಲಿ ಮಾಸ್ತರ. ಬಾಡಿಗೆ ಮನೆಯಲ್ಲಿ ಒಂದು ತೊಟ್ಟಿ, ಒಂದು ಜೋಡಿ ಕೆಂಪು ಮೀನು. ಬಾವಿ ನೀರಿನ ಕೆಸರು ಪಂಪಿಗೆ ಕಟ್ಟಿಕೊಳ್ಳುತ್ತಿತ್ತು. ಬಿಚ್ಚಿ ತೊಳೆದು ತೊಳೆದು ನನ್ನ ಕೈ ಪಳಗಿತ್ತು. ಅದನ್ನು ಕಂಡ ಪಕ್ಕದ ಮನೆಯ ರೈತ “ಮಾಸ್ತರ, ನಮ್ಮ ಹೊಲದ ಮೋಟಾರೂ ಒಂಚೂರು ನೋಡ್ರಿ” ಎಂದು ಕರೆದೊಯ್ದ. ಆನೆಗಾತ್ರದ ಆ ಮೋಟಾರಿನ ಮುಂದೆ ನಾನು ಟೂತ್‌ಬ್ರಶ್ ಹಿಡಿದು ನಿಂತದ್ದನ್ನು ಈಗ ನೆನೆಯದಿರುವುದೇ ಒಳ್ಳೆಯದು. ಇರಲಿ. ಒಮ್ಮೆ ಮಾಮಾ ಖಾನಾಪುರಕ್ಕೆ ಬಂದವರು ಗುರುಗುಟ್ಟುವ ಆ ತೊಟ್ಟಿಯ ಬಾಜೂಕೇ ಅಡ್ಡಾಗಿ, ಸಂಜೆತನಕ ಗೊರಕೆ ಹೊಡೆದರು. ಮರುವಾರವೇ ತೊಟ್ಟಿಯನ್ನು ಟೆಂಪೋದಲ್ಲಿ ಹೇರಿಕೊಂಡು ವಡಗಾವಿಗೆ ಒಯ್ದುಕೊಟ್ಟೆ.

ಕೆಲವು ತಿಂಗಳು ಮಾಮಾ ಚೆನ್ನಾಗಿ ಮಲಗಿದರು. ಆಮೇಲೊಂದು ದಿನ ಅತ್ತೆಯ ಫೋನು, “ಲಗೂನ ಬಾ.” ಮಾಮಾನಿಗೇ ಏನೋ ಆಯಿತೆಂದು ಸಿಕ್ಕ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಮಾಮಾ ನಿಂತಿದ್ದಾರೆ. ತೊಟ್ಟಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿವೆ.

“ಕರಕರ ಅನ್ನಾಕತ್ತಿತ್ತು. ಮಗ್ಗಕ್ಕ ಬಿಡ್ತಿದ್ನಲ್ಲಾ, ಹಂಗ ಎಣ್ಣಿ ಬಿಟ್ಟೆ,” ಎಂದರು ಮಾಮಾ. ಸದಾ ಕೂಗಿಯೇ ಮಾತಾಡುತ್ತಿದ್ದವರು; ಆ ಮೆಲುದನಿ ಅವರದೆಂದು ನನಗೆ ನಂಬಲಾಗಲಿಲ್ಲ.

ಹಿತ್ತಲ ಬಾವಿಯಿಂದ ನೀರು ಸೇದಿ ಮೀನುಗಳನ್ನು ಬಕೆಟ್ಟಿಗೆ ಬಿಟ್ಟೆವು. ನೀರಿಗೆ ಗಾಳಿ ಸಿಗಲೆಂದು ಮಾಮಾ ತಂಬಿಗೆಯಲ್ಲಿ ಮೊಗೆದು ಎತ್ತರದಿಂದ ಸುರಿಯತೊಡಗಿದರು. ಸುರಿದರು, ಮತ್ತೆ ಮೊಗೆದರು.

“ಸಾಕ್ರಿ, ಒಂದ ಘಳಿಗಿ ಕುಂದರ್ರಿ,” ಎಂದರು ಅತ್ತೆ.

“ನಾ ನಿಲ್ಲಿಸಿದ್ರ ಅವು ಸಾಯ್ತಾವು!”

ನಾನು ತೊಟ್ಟಿ ತೊಳೆದು ಪಂಪು ಬಿಚ್ಚಿದೆ. ಒಳಗಿನ ಪುಟ್ಟ ಚಕ್ರಕ್ಕೆ ನೂಲಿನ ಎಳೆಯೊಂದು ಬಿಗಿಯಾಗಿ ಸುತ್ತಿತ್ತು. ಮಗ್ಗ ಹೋದರೂ ಮನೆ ಇನ್ನೂ ನೂಲು ಉದುರಿಸುತ್ತಿತ್ತು. ಎಳೆ ಬಿಡಿಸಿ, ಬಿಸಿನೀರಲ್ಲಿ ಎಣ್ಣೆ ತೆಗೆದು ಜೋಡಿಸಿದೆ. ಮೀನು ಎರಡೂ ಉಳಿದವು. ಆದರೆ ಪಂಪು ಈಗ ಒಂದಿಷ್ಟೂ ಸದ್ದು ಮಾಡದು. ನಾನು ಬೀಗುತ್ತಿದ್ದೆ, ಮಾಮಾನ ಮುಖ ಬಿಳಿಚಿತು.

“ನಿಂತೈತಿ.”

“ಇಲ್ಲ ಮಾಮಾ, ನಡದೈತಿ. ಗುಳ್ಳಿ ನೋಡ್ರಿ.”

ನೋಡಿದರು. ಮಲಗಿದರು. ಎದ್ದು ಬಂದು ಮತ್ತೆ ನೋಡಿದರು. ಕೊನೆಗೆ ನಾನೇ ಪಂಪನ್ನು ಒಂಚೂರು ಸಡಿಲಿಸಿ ಗಾಜಿಗೆ ತಾಗಿಸಿಟ್ಟೆ. ಗುರುಗುರು ಶುರುವಾಯಿತು, ಮಾಮಾ ನಿದ್ದೆ ಹೋದರು. ಅವರು ತೀರಿಕೊಳ್ಳುವವರೆಗೂ ಅದು ಹಾಗೇ ಇತ್ತು. ಆ ಭಯ ಅವರೊಬ್ಬರದೇ ಎಂದುಕೊಂಡಿದ್ದೆ.

ಹೊಸ ಪಂಪು ಹಾಕಿ ಅರ್ಧ ದಿನವಾಯಿತು. ಡಬ್ಬಿ ಸುಳ್ಳು ಹೇಳಿಲ್ಲ. ಇಷ್ಟು ಬರೆಯುವುದರೊಳಗೆ ಎಷ್ಟು ಸಲ ಎದ್ದು ನೋಡಿ ಬಂದೆನೋ. ಈಗಷ್ಟೇ ತೊಟ್ಟಿಯ ಮುಂದೆ ನಿಂತಿದ್ದಾಗ ಹೆಂಡತಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದಳು. ನಗುತ್ತಾಳೆಂದುಕೊಂಡೆ.

“ನಡದೈತೇನ್ರಿ ಅದು?” ಎಂದಳು, ಮೆಲ್ಲಗೆ.

ನಡೆದಿದೆ ಎಂದೆ. ಆದರೂ ಇಬ್ಬರೂ ಅಲ್ಲಿಂದ ಕದಲಲಿಲ್ಲ.