ಫೋನ್ ಇಲ್ಲದ ಶಿಬಿರದಲ್ಲಿ ಫೋನ್ ಎತ್ತುವವಳು

ನಮ್ಮ ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಜೀವಮಾನವೆಲ್ಲ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಲೇ ಕಳೆದವಳು. ಒಂದು ದೊಡ್ಡ ಬಟ್ಟೆ ಗಿರಣಿಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಕೂತು ತಲೆ ಬೆಳ್ಳಗಾಯಿತು. ಹೊರಗಿನಿಂದ ಯಾವ ಫೋನ್ ಬಂದರೂ ಮೊದಲು ಅವಳ ಕಿವಿ, ಆಮೇಲೆ ಉಳಿದವರದು. ಗಿರಣಿಯವರೆಲ್ಲ ಅವಳನ್ನು ಬೋರ್ಡಮ್ಮ ಎಂದೇ ಕರೆಯುತ್ತಿದ್ದರು; ನಿಜವಾದ ಹೆಸರು ಸಂಬಳ ಬಟವಾಡೆ ಮಾಡುವವನಿಗೆ ಮಾತ್ರ ಗೊತ್ತಿತ್ತು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದರೆ, "ಗಂಡಂದಿರು ಹೆಂಡ್ತೀರ ಹತ್ರ ಫೋನಲ್ಲಿ ಹೇಗೆ ಮಾತಾಡ್ತಾರೆ ಅಂತ ಗೊತ್ತಿರೋಳು ಯಾರೇ ಮದುವೆ ಆಗ್ತಾಳೆ?" ಎನ್ನುತ್ತಿದ್ದಳು. ಹಾಗಾದರೆ ಕದ್ದು ಕೇಳುತ್ತಿದ್ದೆಯಾ ಎಂದರೆ ಮಾತ್ರ ಮುಖ ಕೆಂಪಾಗುತ್ತಿತ್ತು. ಕೇಳುವುದು ಬೇರೆ, ಕಿವಿಗೆ ಬೀಳುವುದು ಬೇರೆ ಎನ್ನುವುದು ಅವಳ ವಾದ.

ಅವಳ ದೊಡ್ಡ ಜಂಬವೆಂದರೆ ಒಂದೇ: ಆ ಕಡೆಯವರು ಹೇಳಿದ್ದಕ್ಕೆ ತನ್ನದೊಂದು ಮಾತು ಸೇರಿಸಿದವಳಲ್ಲ. "ಬೇಗ ಮನೆಗೆ ಬನ್ನಿ ಅಂದರು" ಎಂದರೆ ಮುಗಿಯಿತು. ಯಾಕಂತೆ, ಯಾರಿಗೇನಾಯಿತಂತೆ ಎಂದು ಕೇಳಿದವನಿಗೆ "ಅದು ಹೇಳಿಲ್ಲ" ಎನ್ನುವಳು. ಅಧಿಕಾರಿಗಳು ಬೆಳಗ್ಗೆ ಬಂದವರೇ, "ಮನೆಯಿಂದ ಫೋನ್ ಬಂದ್ರೆ ನಾನು ಸೀಟಲ್ಲಿಲ್ಲ ಅನ್ನಿ" ಎಂದು ಹೇಳಿ ಒಳಗೆ ಹೋಗುತ್ತಿದ್ದರು. ಹಾಗೆಯೇ ಹೇಳುತ್ತಿದ್ದಳು. ಅದು ಸುಳ್ಳಲ್ಲವಾ ದೊಡ್ಡಮ್ಮ ಎಂದು ಒಮ್ಮೆ ಕೆಣಕಿದೆ. "ಸುಳ್ಳು ಅವರದು. ನಾನು ದಾಟಿಸಿದೆ ಅಷ್ಟೆ" ಎಂದಳು. ಇಷ್ಟು ಚೊಕ್ಕವಾಗಿ ಕೈ ತೊಳೆದುಕೊಳ್ಳುವುದು ವಕೀಲರಿಗೂ ಬರುವುದಿಲ್ಲ.

ಗಿರಣಿಯವರು ಬೋರ್ಡು ಕಿತ್ತು, ಒಂದು ಒತ್ತಿ, ಎರಡು ಒತ್ತಿ ಎನ್ನುವ ಯಂತ್ರವನ್ನು ತಂದಾಗ ದೊಡ್ಡಮ್ಮ ನಿವೃತ್ತಳಾಗಿ ನಮ್ಮ ಮನೆಗೆ ಬಂದಳು. ಆಮೇಲೆ ನಮ್ಮ ಫೋನುಗಳನ್ನು ನಾವೇ ಎತ್ತುವುದು ಕಷ್ಟವಾಯಿತು. ಯಾರದು ಗುಂಯ್‌ಗುಟ್ಟಿದರೂ ಓಡಿಬಂದು ಎತ್ತಿ, ಗಂಟಲು ಸರಿಮಾಡಿಕೊಂಡು, "ನಮಸ್ಕಾರ, ಯಾರು ಬೇಕಾಗಿತ್ತು?" ಎನ್ನುವಳು. ನನ್ನ ಗೆಳತಿಯರು ರಾಂಗ್ ನಂಬರ್ ಎಂದು ಇಟ್ಟುಬಿಡುತ್ತಿದ್ದರು.

ಅಂಥವಳಿಗೆ ಮತ್ತೆ ಕೆಲಸ ಸಿಕ್ಕಿದ್ದು ಫೋನೇ ಇರಬಾರದ ಜಾಗದಲ್ಲಿ. ಮಕ್ಕಳು ರಜೆಗೆ ಮನೆಗೆ ಹೋದ ಮೇಲೆ ಖಾಲಿ ಬೀಳುವ ವಸತಿ ಶಾಲೆಯೊಂದನ್ನು ಒಬ್ಬ ಹೆಂಗಸು ಬಾಡಿಗೆಗೆ ಹಿಡಿದು, ದೊಡ್ಡವರಿಗಾಗಿ ಬೇಸಿಗೆ ಶಿಬಿರ ಶುರುಮಾಡಿದ್ದಳು. ಬನ್ನಿ, ಫೋನ್ ನಮ್ಮ ಕೈಗೆ ಕೊಡಿ, ಹಾಯಾಗಿ ಮಲಗಿ, ಮಕ್ಕಳ ಹಾಗೆ ಆಡಿ ಎನ್ನುವುದು ಅವಳ ಜಾಹೀರಾತು. ಜನ ಮುಗಿಬಿದ್ದರು. ಸುಮ್ಮನೆ ಕೂರುವುದಕ್ಕೂ ದುಡ್ಡು ಕೊಡುವ ಕಾಲ ಬಂತಲ್ಲ ಎಂದು ನಮ್ಮಮ್ಮ ಹಣೆ ಚಚ್ಚಿಕೊಂಡಳು. ಅಲ್ಲಿನ ಮಂಚಗಳು ಮಕ್ಕಳ ಅಳತೆಯವು, ಮಲಗಿದರೆ ಪಾದ ಹೊರಗೆ. ಕೈ ತೊಳೆಯುವ ಬೇಸಿನ್ನುಗಳು ಮೊಣಕಾಲಿಗಿಂತ ಸ್ವಲ್ಪವೇ ಮೇಲೆ. ಯಾರಿಗೂ ತಲೆ ಬಾಗಿಸದ ಮ್ಯಾನೇಜರುಗಳು ಹಲ್ಲುಜ್ಜುವುದಕ್ಕೆ ನಡುವನ್ನೇ ಬಗ್ಗಿಸಬೇಕಾಯಿತು. ಶಿಬಿರದ ಯಜಮಾನಿ ಮಾತ್ರ ಗೇಟಿನಾಚೆ ಕಾರು ನಿಲ್ಲಿಸಿಕೊಂಡು, ಗಾಜು ಏರಿಸಿ, ಎರಡು ಕಿವಿಗೆ ಎರಡು ಫೋನ್ ಹಿಡಿದು ಮುಂದಿನ ಶಿಬಿರಕ್ಕೆ ಜನ ಹಿಡಿಯುತ್ತಿದ್ದಳು.

ವಾರ್ಡನ್ ಕೋಣೆಯಲ್ಲಿ ಒಂದು ಹಳೆಯ ಲ್ಯಾಂಡ್‌ಲೈನ್ ಇತ್ತು. ಶಿಬಿರದವರ ಮನೆಯವರಿಗೆ ಕೊಟ್ಟಿದ್ದು ಆ ನಂಬರು. ಅದನ್ನು ಎತ್ತುವುದೇ ದೊಡ್ಡಮ್ಮನ ಕೆಲಸ. ನಿಯಮ ಸುಲಭವಾಗಿತ್ತು: ಯಾರಾದರೂ ತೀರಿಕೊಂಡರೆ ಅಥವಾ ಆಸ್ಪತ್ರೆ ಸೇರಿದರೆ ಮಾತ್ರ ಕರೆದು ಫೋನ್ ಕೊಡಬೇಕು. ಮಿಕ್ಕವರಿಗೆ, ಕಿಟಕಿಯ ಹತ್ತಿರ ಬಂದು ಕೇಳಿದರೆ, ಫೋನ್ ಬಂದಿತ್ತು, ತುರ್ತಿನದ್ದಲ್ಲ ಎಂದಷ್ಟೇ ಹೇಳಬೇಕು.

ಬರುತ್ತಿದ್ದ ಫೋನುಗಳೋ! ಟಿವಿ ರಿಮೋಟ್ ಎಲ್ಲಿಟ್ಟಿದ್ದಾಳೆ ಕೇಳಿ. ಪಾತ್ರೆ ತೊಳೆಯುವವಳು ಬರಲಿಲ್ಲ, ಏನು ಮಾಡಲಿ ಕೇಳಿ. ಒಬ್ಬ ಗಂಡಸಂತೂ, "ಅನ್ನಕ್ಕೆ ಎಷ್ಟು ನೀರು ಅಂತ ಕೇಳಿ, ಇದು ತುರ್ತಿನದ್ದೇ, ಮಕ್ಕಳು ಹಸ್ಕೊಂಡಿದಾರೆ" ಎಂದು ಗೋಗರೆದನಂತೆ. ಅನ್ನಕ್ಕೆ ನೀರಿನ ಅಳತೆ ನಿಯಮದಲ್ಲಿರಲಿಲ್ಲ, ದೊಡ್ಡಮ್ಮನೇ ಹೇಳಿಕೊಟ್ಟಳು. ಅವನ ಹೆಂಡತಿ ಆ ಹೊತ್ತಿಗೆ ಮೈದಾನದಲ್ಲಿ ಗೋಣಿಚೀಲದೊಳಗೆ ಕಾಲಿಟ್ಟು ಕುಪ್ಪಳಿಸುತ್ತಾ ಎರಡನೇ ಬಹುಮಾನಕ್ಕೆ ಹೋರಾಡುತ್ತಿದ್ದಳು.

ಸಂಜೆ ಚಹಾದ ಹೊತ್ತಿಗೆ ಕಿಟಕಿಯ ಮುಂದೆ ಸಾಲು. ಫೋನಿನ ಕಾಟ ಬೇಡವೆಂದು ಬಂದವರೆಲ್ಲ, ನನಗೆ ಫೋನ್ ಬಂತಾ ಎಂದು ಕೇಳಲು ಸಾಲು ನಿಲ್ಲುತ್ತಿದ್ದರು. ಬಂದಿತ್ತು ಎಂದರೆ, "ಅಯ್ಯೋ, ಎರಡು ದಿನ ಬಿಟ್ಟಿರೋಕೆ ಆಗಲ್ವಾ ಇವರಿಗೆ" ಎಂದು ಸಿಡುಕಿ, ಆ ಸಿಡುಕು ಹಿಂದಿನವರಿಗೂ ಕೇಳಿಸಿತೋ ಇಲ್ಲವೋ ಎಂದು ತಿರುಗಿ ನೋಡಿ, ಖುಷಿಯಿಂದ ಹೋಗುತ್ತಿದ್ದರು.

ಆ ಸಾಲಿನಲ್ಲಿ ಫೋನೇ ಬಾರದವರು ಒಬ್ಬರಿದ್ದರು. ಯಾವುದೋ ದೊಡ್ಡ ಕಚೇರಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದು ನಿವೃತ್ತರಾದವರು. ಹಗ್ಗ ಜಗ್ಗಾಟಕ್ಕೂ ಗರಿಗರಿ ಶರ್ಟು ತೊಟ್ಟು, ಅದನ್ನು ಪ್ಯಾಂಟಿನೊಳಗೆ ಸಿಕ್ಕಿಸಿಕೊಂಡೇ ಬರುತ್ತಿದ್ದರಿಂದ ಉಳಿದವರು ಅವರಿಗೆ ಇಸ್ತ್ರಿ ಸಾಹೇಬರು ಎಂದು ಹೆಸರಿಟ್ಟಿದ್ದರು. "ನನಗೇನಾದ್ರೂ ಫೋನ್?" ಎಂದು ಅವರು ಕೇಳುವುದು, ಇಲ್ಲ ಸಾರ್ ಎಂದು ದೊಡ್ಡಮ್ಮ ಹೇಳುವುದು, "ಒಳ್ಳೇದಾಯ್ತು, ಮಾಡ್ಬೇಡಿ ಅಂತ ನಾನೇ ಹೇಳಿ ಬಂದಿದೀನಿ" ಎಂದು ಅವರು ಎಲ್ಲರಿಗೂ ಕೇಳುವಂತೆ ಹೇಳಿ ಹೋಗುವುದು. ಕೆಲವು ದಿನ ಹೀಗೆ ನಡೆಯಿತು. ಒಂದು ಸಂಜೆ ಅವರು ಕೇಳುತ್ತಿದ್ದಂತೆಯೇ ಹಿಂದೆ ನಿಂತಿದ್ದ ಬ್ಯಾಂಕ್ ಮ್ಯಾನೇಜರು ಕಿಸಕ್ಕೆಂದು ನಕ್ಕುಬಿಟ್ಟರು. ಸಾಹೇಬರ ಕಿವಿ ಕೆಂಪಾಯಿತು. ದೊಡ್ಡಮ್ಮನಿಗೆ ಏನನ್ನಿಸಿತೋ, ಬೋರ್ಡಿನ ಮುಂದೆ ಕೂತಷ್ಟು ಕಾಲ ಮಾಡದಿದ್ದ ಕೆಲಸವನ್ನು ಮಾಡಿದಳು.

"ಬಂದಿತ್ತು ಸಾರ್. ನಿಮ್ಮ ಮಿಸೆಸ್ ಮಾಡಿದ್ರು. ಊಟ ತಿಂಡಿ ಸರಿಯಾಗಿ ಮಾಡ್ತಿದಾರಾ ಅಂತ ವಿಚಾರಿಸಿದ್ರು."

ಸಾಹೇಬರು ಕಿಟಕಿಯ ಕಟ್ಟೆ ಹಿಡಿದುಕೊಂಡು ನಿಂತರು. "ಹೌದಾ?" ಎಂದರು. ಹೌದು ಸಾರ್ ಎಂದಳು ಇವಳು. "ಮತ್ತೇನಂದ್ಲು?" ಎಂದು ಕೇಳಿದರು. ಇಷ್ಟೇ ಸಾರ್, ನಾಳೆ ಮಾಡ್ತೀನಿ ಅಂದ್ರು ಎಂದುಬಿಟ್ಟಳು ನನ್ನ ಪುಣ್ಯಾತ್ಗಿತ್ತಿ ದೊಡ್ಡಮ್ಮ. ಒಂದು ಸುಳ್ಳು ಹೇಳಿ ಸುಮ್ಮನಾಗಬಹುದಿತ್ತು, ನಾಳೆಗೂ ಒಂದನ್ನು ಕಾದಿರಿಸಿದಳು.

ಆ ಮರುದಿನದಿಂದ ಸಾಹೇಬರು ಸಾಲಿನ ಕೊನೆಯಲ್ಲಿ ನಿಲ್ಲತೊಡಗಿದರು, ಎಲ್ಲರೂ ಹೋದ ಮೇಲೆ ನಿಧಾನವಾಗಿ ಕೇಳಬಹುದೆಂದು. ದೊಡ್ಡಮ್ಮ ದಿನಕ್ಕೊಂದು ಹೊಸೆದಳು. ಕುಂಟುತ್ತಾ ಬಂದರೆ, ಮೊಣಕಾಲಿಗೆ ಎಣ್ಣೆ ಹಚ್ಕೊಳ್ಳಿ ಅಂದ್ರು. ಮೋಡ ಕವಿದರೆ, ಒದ್ದೆ ತಲೆಯಲ್ಲಿ ಓಡಾಡಬೇಡಿ ಅಂದ್ರು. ಹಿತ್ತಲ ಬಾಗಿಲಿನ ಚಿಲಕ ರಿಪೇರಿ ಆಯ್ತಂತೆ. ಭಾನುವಾರ ನಾನು ನೋಡಲು ಹೋದಾಗ ಇದನ್ನೆಲ್ಲ ಪಿಸುಮಾತಿನಲ್ಲಿ ಹೇಳಿ ಹಿಗ್ಗಿದಳು.

"ಆ ಹೆಂಗಸು ಥೇಟ್ ನಿನ್ನ ಹಾಗೇ ಮಾತಾಡ್ತಾಳಲ್ಲ ದೊಡ್ಡಮ್ಮ" ಎಂದೆ.

"ಹೋಗೇ! ಒಬ್ರ ಮುಖದಲ್ಲಿ ಸ್ವಲ್ಪ ಕಳೆ ಬಂದ್ರೆ ನಿಂಗೇನು ಹೊಟ್ಟೆ ನೋವು?" ಎಂದು ನನ್ನ ಬೆನ್ನಿಗೊಂದು ಕೊಟ್ಟಳು. ಕಳೆ ಬಂದಿದ್ದು ಸಾಹೇಬರ ಮುಖದಲ್ಲೋ ಇವಳ ಮುಖದಲ್ಲೋ ಎಂದು ಕೇಳುವಷ್ಟು ಧೈರ್ಯ ನನಗಿರಲಿಲ್ಲ.

ಆ ವಾರವೇ ಒಂದು ಮಧ್ಯಾಹ್ನ ಸಾಹೇಬರಿಗೆ ನಿಜವಾಗಿಯೂ ಫೋನ್ ಬಂತು. ಮಗ.

"ನಮ್ಮ ತಂದೆಯವರನ್ನ ಇನ್ನೊಂದು ಶಿಬಿರಕ್ಕೂ ಅಲ್ಲೇ ಇರಿಸ್ಕೊಳ್ಳೋಕೆ ಆಗುತ್ತಾ? ಮನೇಲಿದ್ರೆ ದಿನಕ್ಕೆ ಹತ್ತು ಸಲ ನಂಗೆ ಫೋನ್ ಮಾಡ್ತಾರೆ ಮೇಡಮ್. ನಾನು ಮೀಟಿಂಗ್‌ನಲ್ಲಿರ್ತೀನಿ. ಎತ್ತಿದ್ರೆ, ಏನೂ ಇರಲ್ಲ."

"ನಿಮ್ಮ ತಾಯಿಯವರನ್ನೂ ಒಂದು ಮಾತು ಕೇಳಿ ಹೇಳಿ ಸಾರ್" ಎಂದಳು ದೊಡ್ಡಮ್ಮ.

"ಅಮ್ಮ ಹೋಗಿ ಎರಡು ವರ್ಷ ಆಯ್ತಲ್ಲ. ಅದಾದ್ಮೇಲೇ ಅಲ್ವಾ ಇವರು ಹೀಗಾಗಿದ್ದು."

ದೊಡ್ಡಮ್ಮ ಫೋನ್ ಇಟ್ಟಳು. ಸತ್ತುಹೋದವಳ ಬಾಯಲ್ಲಿ ಮೊಣಕಾಲೆಣ್ಣೆಯ ಮಾತಾಡಿಸಿದ್ದಳು, ಚಿಲಕ ರಿಪೇರಿ ಮಾಡಿಸಿದ್ದಳು. ಆ ಮನುಷ್ಯ ಅದನ್ನೆಲ್ಲ ಕೇಳಿಸಿಕೊಂಡು ತಲೆಯಾಡಿಸಿ ಹೋಗಿದ್ದರು. ಒಂದೋ ಅವರ ಬುದ್ಧಿ ಸ್ಥಿಮಿತದಲ್ಲಿಲ್ಲ, ಇಲ್ಲವೇ ಇವಳ ಮರ್ಯಾದೆಯನ್ನು ಎಲ್ಲಿಯವರೆಗೆ ಕಳೆಯಬಹುದು ಎಂದು ನೋಡುತ್ತಿದ್ದಾರೆ. ಎರಡರಲ್ಲಿ ಯಾವುದೇ ಆಗಿರಲಿ, ಸಂಜೆ ಅವರು ಕಿಟಕಿಗೆ ಬರುತ್ತಾರೆ, ಏನಂದ್ಲು ಎಂದು ಕೇಳುತ್ತಾರೆ. ಹೇಳುವುದಕ್ಕೆ ಇವಳ ಹತ್ತಿರ ಏನಿದೆ? ತಲೆನೋವೆಂದು ಮನೆಗೆ ಹೊರಟುಬಿಡೋಣ ಎಂದುಕೊಂಡಳಂತೆ. ಆದರೆ ಪಾಳಿ ಮುಗಿಯುವ ಮೊದಲು ಬೋರ್ಡು ಬಿಟ್ಟೆದ್ದ ಅಭ್ಯಾಸವಿರಲಿಲ್ಲ, ಕೂತೇ ಇದ್ದಳು.

ಆ ಸಂಜೆ ಕಣ್ಣಾಮುಚ್ಚಾಲೆ. ಹುಡುಕುವ ಸರದಿ ಸಾಹೇಬರದು. ಉಳಿದವರೆಲ್ಲ ಮರದ ಹಿಂದೆ, ನೀರಿನ ತೊಟ್ಟಿಯ ಹಿಂದೆ, ಅಡುಗೆಮನೆಯ ಸೌದೆಯ ಹಿಂದೆ ಹೊಟ್ಟೆ ಒಳಗೆಳೆದುಕೊಂಡು ಅಡಗಿ ಕೂತಿದ್ದರು. ಸಾಹೇಬರು ಗೋಡೆಗೆ ಮುಖ ಮಾಡಿ ಎಣಿಸಿ ಮುಗಿಸಿದವರೇ, ಯಾರನ್ನೂ ಹುಡುಕದೆ ಸೀದಾ ಕಿಟಕಿಗೆ ಬಂದರು.

"ಏನಂದ್ಲು?"

ದೊಡ್ಡಮ್ಮ ಎದ್ದು ನಿಂತಳು. "ತಪ್ಪಾಯ್ತು ಸಾರ್. ನಿಮ್ಮ ಮಗ ಫೋನ್ ಮಾಡಿದ್ರು. ನಿಮ್ಮ ಮಿಸೆಸ್... ನಂಗೆ ಗೊತ್ತಿರ್ಲಿಲ್ಲ ಸಾರ್."

"ನಂಗೆ ಗೊತ್ತಿತ್ತು" ಎಂದರು ಸಾಹೇಬರು.

"ಮತ್ತೆ ದಿನಾ ಬಂದು ಕೇಳ್ತಿದ್ರಲ್ಲ?"

"ನೀವು ದಿನಾ ಹೇಳ್ತಿದ್ರಲ್ಲ."

ಸಾಹೇಬರು ಒಳಗೆ ಬಂದು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತರು. ಹೋಮ್‌ವರ್ಕ್ ಮಾಡದ ಮಕ್ಕಳನ್ನು ಕೂರಿಸುವ ಗಿಡ್ಡ ಬೆಂಚು ಅದು; ಮೊಣಕಾಲು ಎದೆಗೆ ಬಂತು.

"ಆಫೀಸಿಗೆ ಅವಳು ಆಗಾಗ ಮಾಡ್ತಿದ್ಲು" ಎಂದರು. "ಬೋರ್ಡಲ್ಲಿ ಒಬ್ರು ಇದ್ರು. ನಾನು ಇಲ್ಲ ಅನ್ನಿ ಅಂತ ಹೇಳಿಟ್ಟಿದ್ದೆ. ಅವರು ಹೇಳ್ತಿದ್ರು. ನಾನು ಒಳಗೇ ಇರ್ತಿದ್ದೆ." ಆಮೇಲೆ ಕೇಳಿದರು: "ನೀವೂ ಬೋರ್ಡಲ್ಲಿ ಇದ್ದವರಂತೆ. ಯಜಮಾನಿ ಹೇಳಿದ್ರು. ಹಾಗೆ ಇಲ್ಲ ಅಂದಾಗ ಆ ಕಡೆಯಿಂದ ಏನಂತಾರೆ? ಮನೆಗೆ ಹೋದಾಗ ಅವಳು ಯಾವತ್ತೂ ಅದರ ಸುದ್ದಿ ಎತ್ತಲಿಲ್ಲ. ನಾನೂ ಕೇಳಲಿಲ್ಲ."

ಇಲ್ಲಿ ದೊಡ್ಡಮ್ಮ ಇನ್ನೊಂದು ಕತೆ ಕಟ್ಟಬಹುದಿತ್ತು. ಬಂದ ಮೇಲೆ ನಂಗೇ ಮೊದಲು ಫೋನ್ ಮಾಡೋಕೆ ಹೇಳಿ ಅಂತಿದ್ರು ಎಂದೋ, ಹುಷಾರಾಗಿ ಬರೋಕೆ ಹೇಳಿ ಅಂತಿದ್ರು ಎಂದೋ, ಅಷ್ಟು ದಿನದ ಅಭ್ಯಾಸವಿತ್ತಲ್ಲ, ನಾಲಿಗೆಯ ತುದಿಗೇ ಬಂತಂತೆ. ಆದರೆ ಈ ಪ್ರಶ್ನೆಗೆ ಉತ್ತರ ಅವಳಿಗೆ ನಿಜವಾಗಿಯೂ ಗೊತ್ತಿತ್ತು. ಎಷ್ಟೋ ಹೆಂಗಸರ ಬಾಯಿಂದ ಅದನ್ನು ಕೇಳಿದ್ದಳು.

"ಏನೂ ಇಲ್ಲ, ಸುಮ್ನೆ ಮಾಡಿದ್ದೆ ಅಂತಾರೆ ಸಾರ್."

"ಎಲ್ಲರೂ ಹಾಗೇನಾ?"

"ಹೆಚ್ಚುಕಮ್ಮಿ ಎಲ್ಲರೂ."

"ಅಷ್ಟೇನಾ?"

ದೊಡ್ಡಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಾನು ಮಾಡಿದ್ದೆ ಅಂತ ಅವರಿಗೆ ಹೇಳ್ಬೇಡಿ, ಕೆಲಸ ಇರುತ್ತೆ ಪಾಪ ಅಂತಾರೆ. ಹೇಳ್ಬೇಡಿ ಅಂದಿದ್ದನ್ನ ನಾವು ಹೇಳೋ ಹಾಗಿರ್ಲಿಲ್ಲ ಸಾರ್."

ಸಾಹೇಬರು ತಲೆಯಾಡಿಸಿದರು. ಒಂದು ಸಲ ಆಡಿಸಿದ ತಲೆ ನಿಲ್ಲಲೇ ಇಲ್ಲ. ಆಮೇಲೆ ಆ ಗಿಡ್ಡ ಬೆಂಚಿನ ಮೇಲೆ ಮುಖ ಮುಚ್ಚಿಕೊಂಡು, ದನಿ ತೆಗೆದು ಅತ್ತರು. ದೊಡ್ಡಮ್ಮ ಸಮಾಧಾನ ಮಾಡಲು ಹೋಗಲಿಲ್ಲ. ಅವಳಿಗೂ ಅಳು ಬಂದಿತ್ತು. ಸೀಟಲ್ಲಿಲ್ಲ ಎಂದು ತಾನು ಹೇಳಿ ಕಳಿಸಿದ ಹೆಂಗಸರಲ್ಲಿ ಒಬ್ಬಳ ಮುಖವನ್ನೂ ತಾನು ನೋಡಿಲ್ಲವಲ್ಲ ಎಂದು ಆಗ ಮೊದಲ ಬಾರಿಗೆ ಹೊಳೆಯಿತಂತೆ. ಅವಳು ಮಾಡಿದ್ದು ಇಷ್ಟೇ, ಕೋಣೆಯ ಬಾಗಿಲು ಮುಚ್ಚಿ ಚಿಲಕ ಹಾಕಿದಳು.

ಅಷ್ಟರಲ್ಲಿ ಹೊರಗೆ ಅಡಗಿದ್ದವರಿಗೆ ಬೇಸರ ಬಂದಿತ್ತು. ಎಷ್ಟು ಹೊತ್ತು ಕೂತರೂ ಯಾರೂ ಹುಡುಕಿಕೊಂಡು ಬಾರದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಒಬ್ಬೊಬ್ಬರಾಗಿ ಎದ್ದು, ಬಟ್ಟೆ ಕೊಡವಿಕೊಂಡು, ಗೊಣಗುತ್ತಾ ಬಂದರು. ಬ್ಯಾಂಕ್ ಮ್ಯಾನೇಜರು ಎಲ್ಲರಿಗಿಂತ ಮೊದಲು ಕಿಟಕಿಗೆ ಬಂದು ಒಳಗೆ ಇಣುಕಲು ನೋಡಿದರು. ದೊಡ್ಡಮ್ಮ ಅಡ್ಡ ನಿಂತಳು.

"ಸಾಹೇಬರಿಗೆ ಫೋನ್ ಬಂದಿದೆ. ಈಗ ಕರೀಬೇಡಿ."

"ಅವರೊಬ್ಬರಿಗೆ ಯಾಕ್ರೀ ಕೊಟ್ರಿ? ನಾವು ಕೇಳಿದ್ರೆ ನಿಯಮ ಅಂತೀರಿ. ಯಾರಾದ್ರೂ ತೀರಿಕೊಂಡ್ರಾ?"

"ಹೌದು" ಎಂದಳು ದೊಡ್ಡಮ್ಮ. "ಅವರ ಹೆಂಡ್ತಿ."

ಮ್ಯಾನೇಜರ ದನಿ ಇಳಿದುಹೋಯಿತು. "ಅಯ್ಯೋ. ಯಾವಾಗ?"

"ಅವರಿಗೆ ಈಗ ಗೊತ್ತಾಯ್ತು."