ಹುಸೇನಬಿ ಕಿತ್ತ ಚೌಕ

ಇವತ್ತು ಬೆಳಿಗ್ಗೆ ಪ್ರಯೋಗಾಲಯದ ಗಾಜಿನ ತೊಟ್ಟಿಯ ನೀರು ಬದಲಿಸುವಾಗ ಕೆಸರಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಜೊತೆಗಿದ್ದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಗಂಗಾವತಿ ಹತ್ತಿರದ ನಮ್ಮ ಗದ್ದೆಯೂ ಹುಸೇನಬಿ ದೊಡ್ಡವ್ವನೂ ಒಟ್ಟಿಗೇ ನೆನಪಾದರು.

ಆಗ ನಾನು ಪಿಎಚ್.ಡಿ.ಗೆ ಸೇರಿದ ಹೊಸತು. ನೀರಲ್ಲಿ ಬೆಳೆಯುವ ಗಿಡಗಳೇ ನನ್ನ ವಿಷಯ. ನಮ್ಮ ಕಡೆ ಕಳೆಗೆ ಕಸ ಅನ್ನುವುದು ನೋಡ್ರಿ, ಹಾಗಾಗಿ ಅಪ್ಪ ಮನೆಗೆ ಬಂದವರಿಗೆಲ್ಲ "ಮಗಳು ಕಸದಾಗ ಡಾಕ್ಟರ್ ಆಗಾಕತ್ಯಾಳ್ರಿ" ಅನ್ನುತ್ತಿದ್ದ. ಸಿಟ್ಟು ಬರುತ್ತಿತ್ತು, ಆದರೆ ಸುಳ್ಳೇನಲ್ಲ. ಭತ್ತದ ನಡುವೆ ಹಬ್ಬುವ ನಾಲ್ಕೆಲೆಯ ಕಳೆ ಎಷ್ಟು ಬೇಗ ಬೆಳೆಯುತ್ತದೆಂದು ಅಳೆಯಲು ಅಪ್ಪನನ್ನು ಕಾಡಿಬೇಡಿ ಗದ್ದೆಯ ಒಂದು ಮೂಲೆ ಪಡೆದಿದ್ದೆ. ನಾಲ್ಕು ಗೂಟ, ಸುತ್ತ ಹಗ್ಗ. ಎರಡು ತಿಂಗಳು ಪ್ರತಿ ಭಾನುವಾರ ಸ್ಕೇಲು ಹಿಡಿದು ಕೆಸರಲ್ಲಿ ನಿಂತೆ. ಈ ಸಲ ಕೆಲಸ ಕೆಟ್ಟರೆ ವಿಷಯವನ್ನೇ ಬಿಡಬೇಕಾಗುತ್ತದೆಂದು ಗೈಡ್ ಸರ್ ಖಡಾಖಂಡಿತವಾಗಿ ಹೇಳಿದ್ದರು.

ಒಂದು ಭಾನುವಾರ ಹೋದರೆ ಚೌಕ ಬೋಳು. ಕಸ ತೆಗೆಯುವ ಹೆಂಗಸರ ಗುಂಪಿಗೆ ಹಿರಿಯಳಾದ ಹುಸೇನಬಿ ಬದುವಿನ ಮೇಲೆ ಸೆರಗು ಹಿಂಡುತ್ತ ನಿಂತಿದ್ದಳು. ಮುಖದಲ್ಲಿ ಹೆಮ್ಮೆ.

"ಹಗ್ಗ ಕಟ್ಟೀದಿ, ಅಲ್ಲೇ ಭಾಳ ಕಸ ಐತಿ ಅಂತ ಗುರ್ತು ಮಾಡೀದಿ ಅನ್ಕೊಂಡ್ವಿ ಯವ್ವಾ. ಮೊದಲ ಅದನ್ನ ತಗದ್ವಿ, ಛಲೋತ್ನಾಗಿ."

ನಾನು ಅಲ್ಲೇ ಕೂತು ಅತ್ತೆ, ನಾಚಿಕೆ ಬಿಟ್ಟು ಅತ್ತೆ. ಹುಸೇನಬಿ ಗಾಬರಿಯಾದಳು. "ಕಸ ಬೇಕಾಗಿತ್ತೇನು ನಿನಗ?" ಆಯುಷ್ಯದಲ್ಲಿ ಆ ಪ್ರಶ್ನೆಯನ್ನು ಅವಳು ಯಾರಿಗೂ ಕೇಳಿರಲಿಕ್ಕಿಲ್ಲ. ಆಮೇಲೆ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

"ಅಳಬ್ಯಾಡ. ಇದು ಹೋಗೂ ಪೈಕಿ ಅಲ್ಲ. ನೀರಾಗ ಜಗ್ಗಿದ್ರ ಬಳ್ಳಿ ಗಂಟಿನ್ಯಾಗ ಹರೀತೈತಿ. ಕೆಸರಾಗ ಉಳಿದ ಗಂಟು ಎಂಟು ದಿನಕ್ಕ ಮತ್ತ ಚಿಗೀತೈತಿ. ಇಷ್ಟು ವರ್ಷ ತಗದೀನಿ, ನನಗ ಗೊತ್ತಿಲ್ಲೇನು?"

ಮುಂದಿನ ಭಾನುವಾರ ಹೋದೆ. ಚೌಕದ ತುಂಬ ಪುಟ್ಟ ಹಸಿರು ಚಿಗುರು. ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಅಲ್ಲಿಗೇ ಬಿಟ್ಟೆ; ಕಿತ್ತ ಮೇಲೆ ಹೇಗೆ ಮರಳಿ ಬರುತ್ತದೆ ಎಂದು ಹುಡುಕತೊಡಗಿದೆ. ಬರೆದುಕೊಟ್ಟದ್ದನ್ನು ಗೈಡ್ ಸರ್ ಓದಿ, "ಇದು ಸಂಶೋಧನೆ" ಎಂದರು. ಮೌಖಿಕ ಪರೀಕ್ಷೆಯ ದಿನ, ಈ ಪ್ರಶ್ನೆ ಹೊಳೆದದ್ದು ಹೇಗೆಂದು ಕೇಳಿದಾಗ, ಎಲ್ಲರೆದುರು ಹುಸೇನಬಿಯ ಹೆಸರು ಹೇಳಿದೆ. ಡಾಕ್ಟರೇಟು ಬಂತು. ಅಪ್ಪ ಈಗಲೂ ಅದೇ ಮಾತಿನಿಂದ ಪರಿಚಯಿಸುತ್ತಾನೆ, ಎದೆಯುಬ್ಬಿಸಿಕೊಂಡು.

ತೊಟ್ಟಿ ತೊಳೆದಿಟ್ಟು ಮಧ್ಯಾಹ್ನವೇ ಬಸ್ಸು ಹಿಡಿದೆ. ಗದ್ದೆಯ ಮೂಲೆಯಲ್ಲಿ ಈ ವರ್ಷವೂ ನನ್ನ ಚೌಕವಿದೆ. ನಾನು ಬದು ಹತ್ತುವ ಹೊತ್ತಿಗೆ ಕಸ ತೆಗೆಯುವ ಗುಂಪಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಹಗ್ಗದೊಳಗೆ ಕೈ ಚಾಚಿದಳು. ದೂರದಿಂದಲೇ ಹುಸೇನಬಿ ಗದರಿದಳು:

"ಅದಕ್ಕ ಕೈ ಹಚ್ಚಬ್ಯಾಡ. ಅದು ನಮ್ಮ ಡಾಕ್ಟರವ್ವನ ಬೆಳಿ."