ಗೆಳತಿ ಬರೆದದ್ದು ನನಗೆ ಕಾಣದೇ ಹೋದ ವರ್ಷ

ನಾವಿಬ್ಬರೂ ಮಲ್ಲೇಶ್ವರದ ಒಂದೇ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಪಾಠ ಮಾಡಿದವರು. ನಾನು ಗಣಿತ, ಅವಳು ಕನ್ನಡ. ಅವಳು ಪದ್ಯ ಓದಲು ಶುರುಮಾಡಿದರೆ ಮೂರು ಕೋಣೆ ಆಚೆಗಿದ್ದ ನನ್ನ ಕ್ಲಾಸಿನ ಮಕ್ಕಳೂ ಪೆನ್ಸಿಲ್ ಕೆಳಗಿಟ್ಟು ಕಿವಿಗೊಡುತ್ತಿದ್ದರು. ನನಗೆ ಆ ವಿಷಯದಲ್ಲಿ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ನಿವೃತ್ತಿಯಾದ ಮರುವರ್ಷ ಅವಳಿಗೆ ಥೈರಾಯ್ಡ್ ಆಪರೇಷನ್ ಆಯಿತು. ಗಡ್ಡೆಯ ಜೊತೆಗೆ ದನಿಯೂ ಹೋಯಿತು. ಫೋನ್ ಮಾಡಿದರೆ ಮಾತಾಡಲಾರಳು, ಮೆಸೇಜ್ ಮಾಡಿದರೆ ಎರಡು ಪದದ ಉತ್ತರ. ಸುಸ್ತಾಗಿರಬೇಕು, ತೊಂದರೆ ಕೊಡುವುದು ಬೇಡ ಎಂದುಕೊಂಡು ನಾನೂ ಸುಮ್ಮನಾದೆ. ಸೋಶಿಯಲ್ ಮೀಡಿಯಾದಲ್ಲಿ ನಾವು ಫ್ರೆಂಡ್ಸ್ ಆಗಿದ್ದೆವಲ್ಲ, ಏನಾದರೂ ಹಾಕಿದರೆ ಗೊತ್ತಾಗುತ್ತದೆ ಎಂಬ ನಂಬಿಕೆ. ದಿನಕ್ಕೆ ಎರಡು ಮೂರು ಗಂಟೆ ನಾನು ಅದರಲ್ಲೇ ಇರುತ್ತಿದ್ದೆ.

ಸುಮಾರು ಒಂದು ವರ್ಷದ ಮೇಲೆ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುವಾಗ ಅವಳೂ ಅವಳ ಯಜಮಾನರೂ ಎದುರಾದರು. ಅವಳ ದನಿ ಪಿಸುಮಾತಿಗಿಂತ ಕೂದಲೆಳೆಯಷ್ಟು ಮೇಲಿತ್ತು.

"ನಾನ್ ಬರೆದಿದ್ದೆಲ್ಲ ನೋಡಿರ್ತೀಯ. ಒಂದ್ ಸಲಾನೂ ಹೇಗಿದೆ ಅಂತ ಹೇಳ್ಲಿಲ್ವಲ್ಲೇ."

"ಏನ್ ಬರ್ದಿದ್ದೆ?" ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಸುಳ್ಳು ಹೇಳುವ ಹುಡುಗಿಯರನ್ನು ಹೀಗೇ ನೋಡುತ್ತಿದ್ದಳು.

ಗವಿಪುರದ ಅವರ ಮನೆಗೆ ಹೋದೆವು. ಆಪರೇಷನ್ ಆದ ತಿಂಗಳಿನಿಂದಲೇ ಅವಳು ಒಂದು ಬ್ಲಾಗ್ ಬರೆಯುತ್ತಿದ್ದಳು. ಹೊಸದು ಬರೆದಾಗಲೆಲ್ಲ ಅದರ ಲಿಂಕನ್ನು ನಾವೆಲ್ಲ ಇದ್ದ ಆ ಆ್ಯಪಿನಲ್ಲಿ ಹಾಕುತ್ತಿದ್ದಳು. ನಲವತ್ತಮೂರು ಬರಹ. ನಾನು ನನ್ನ ಫೋನ್ ತೆರೆದು ತೋರಿಸಿದೆ. ಮಂಡಿನೋವಿಗೆ ಎಣ್ಣೆ, ಯಾರೋ ಅತ್ತೆ ಸೊಸೆಯ ಜಗಳ, ಸೀರೆ, ಮತ್ತೆ ಮಂಡಿನೋವು. ಎಷ್ಟು ಕೆಳಗೆ ಹೋದರೂ ಅವಳು ಸಿಗಲಿಲ್ಲ.

"ನೀನು ಬೇಕಂತಲೇ ಸುಮ್ನಿದ್ದೀಯ ಅನ್ಕೊಂಡಿದ್ದೆ," ಎಂದಳು. ಕಣ್ಣು ಒದ್ದೆಯಾಗಿತ್ತು.

ಅವಳ ಯಜಮಾನರು ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬ್ಲಾಗ್ ಮಾಡಿಕೊಟ್ಟಿದ್ದೂ ಅವರೇ. ಕಾಫಿ ಲೋಟ ಕೆಳಗಿಟ್ಟು, "ಮೇಡಂ, ಆ ಆ್ಯಪು ಯಾರ್ಗೆ ಏನ್ ತೋರಿಸ್ಬೇಕು ಅಂತ ತಾನೇ ಆರಿಸುತ್ತೆ. ಫೀಡ್ ರೀಡರ್ ಅಂತ ಒಂದಿದೆ, ಹಾಕ್ಕೊಡ್ಲಾ?" ಎಂದು ಕೇಳಿದರು. "ನಿಮಗೆ ಬೇಕಾದ ಬ್ಲಾಗು, ಪತ್ರಿಕೆ ವಿಳಾಸ ನೀವೇ ಸೇರಿಸ್ಬೇಕು. ಹೊಸದು ಬಂದ್ರೆ ತಾರೀಖಿನ ಪ್ರಕಾರ ತೋರ್ಸುತ್ತೆ. ಮಧ್ಯ ಬೇರೆ ಏನೂ ತೂರಿಸಲ್ಲ. ಓದಿ ಮುಗಿದ್ರೆ ಮುಗೀತು."

"ಮುಗಿಯುತ್ತಾ?" ಎಂದು ಕೇಳಿದ್ದು ನೆನಪಿದೆ. ಫೋನಿನಲ್ಲಿ ಯಾವುದಾದರೂ ಮುಗಿಯಬಹುದು ಎನ್ನುವುದೇ ನನಗೆ ಮರೆತುಹೋಗಿತ್ತು.

ಅವತ್ತೇ ಹಳೆಯ ಆ್ಯಪ್ ತೆಗೆದುಹಾಕಿದೆ. ಜಾಹೀರಾತು ತಡೆಯುವ ಬ್ರೌಸರ್ ಹಾಕಿಸಿಕೊಂಡೆ. ವೀಡಿಯೋ ಆ್ಯಪಿನಲ್ಲಿ ಏನೇನು ನೋಡಿದೆ ಎಂಬ ದಾಖಲೆ ಇಡುವುದನ್ನು ಅವರು ನಿಲ್ಲಿಸಿದರು. ಅದರ ಮೊದಲ ಪುಟ ಖಾಲಿಯಾಯಿತು. ಬೇಕಾದ್ದನ್ನು ಹುಡುಕಿಯೇ ನೋಡಬೇಕು.

ಮೊದಲ ಕೆಲವು ದಿನ ಚಡಪಡಿಕೆ. ಐದನೇ ದಿನ ತಡೆಯಲಾರದೆ ಹಳೆಯ ಆ್ಯಪನ್ನು ಮತ್ತೆ ಹಾಕಿಕೊಂಡೆ. ಸೊಪ್ಪಿನ ಹುಳಿ ಒಲೆಯ ಮೇಲಿತ್ತು. ತಳ ಹಿಡಿದ ವಾಸನೆ ಬಂದಾಗ ನಾನು ಯಾರದೋ ಮನೆಯ ಗೃಹಪ್ರವೇಶ ನೋಡುತ್ತಿದ್ದೆ. ಅವರು ಯಾರೆಂದು ಈಗಲೂ ಗೊತ್ತಿಲ್ಲ. ನಾಚಿಕೆಯಾಯಿತು. ಪಾತ್ರೆ ನೆನೆಹಾಕಿ ಆ್ಯಪ್ ತೆಗೆದೆ. ಆಮೇಲೆ ಹಾಕಿಕೊಂಡಿಲ್ಲ.

ಮರುದಿನ ಬೆಳಗ್ಗೆ ಅವಳ ಬರಹಗಳನ್ನು ಮೊದಲಿನಿಂದ ಓದಲು ಕೂತೆ. ಕನ್ನಡಿಯ ಮುಂದೆ ನಿಂತು 'ಆ' ಎನ್ನಲು ಹೋದರೆ ಬರೀ ಗಾಳಿ ಬಂದದ್ದನ್ನು ಬರೆದಿದ್ದಳು. ತರಕಾರಿಯವನನ್ನು ಕರೆಯಲಾಗದೆ ಗೇಟಿನ ಚಿಲಕ ಬಡಿದದ್ದು, ದನಿಯ ವ್ಯಾಯಾಮ ಮಾಡಿಸುವವರ ಹತ್ತಿರ ಮೊದಲ ಸಲ ಒಂದಕ್ಷರ ಹೊರಟದ್ದು. ಒಂದು ಬರಹದ ಕೊನೆಯಲ್ಲಿ, 'ಪಕ್ಕದಲ್ಲಿ ನಮ್ಮ ಲೆಕ್ಕದ ಮಿಸ್ ಇದ್ದಿದ್ದರೆ ನಗಿಸುತ್ತಿದ್ದಳು' ಎಂದಿತ್ತು. ಅಲ್ಲಿಗೆ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಎಲ್ಲ ಓದಿ ಮುಗಿಸಲು ನಾಲ್ಕು ದಿನ ಹಿಡಿಯಿತು. ಒಂದೊಂದಕ್ಕೂ ಉತ್ತರ ಬರೆದೆ, ವರ್ಷ ತಡವಾಗಿ.

ಈಗ ನನ್ನ ರೀಡರಿನಲ್ಲಿ ಹದಿನಾಲ್ಕು ವಿಳಾಸಗಳಿವೆ. ಬೆಳಗಿನ ಕಾಫಿಯ ಜೊತೆ ಓದಿ ಮುಗಿಸುತ್ತೇನೆ. ಕೆಲವು ದಿನ ಹೊಸದೇನೂ ಇರುವುದಿಲ್ಲ. ಆಗ ವೈಯಾಲಿಕಾವಲ್ ಕಡೆ ನಡೆದುಕೊಂಡು ಹೋಗಿ ಬರುತ್ತೇನೆ.

ಕಳೆದ ತಿಂಗಳು ನಾನೂ ಒಂದು ಬ್ಲಾಗ್ ಶುರುಮಾಡಿದೆ. ಲೆಕ್ಕಕ್ಕೆ ಹೆದರುವವರಿಗಾಗಿ, ವಾರಕ್ಕೊಂದು ಸಣ್ಣ ಸಮಸ್ಯೆ. ಮೊದಲನೆಯದನ್ನು ಹಾಕಿದ ಅರ್ಧ ಗಂಟೆಗೆ ಗೆಳತಿಯ ಫೋನ್ ಬಂತು.

"ನಿನ್ ಲೆಕ್ಕ ಸರಿಯಾಗಿದೆಯೋ ಇಲ್ವೋ ನಂಗೊತ್ತಿಲ್ಲ," ಎಂದಳು, ದನಿ ಒಡಕಾಗಿದ್ದರೂ ಸ್ಪಷ್ಟವಾಗಿ. "ಆದ್ರೆ ಎರಡನೇ ಸಾಲಲ್ಲಿ ಒತ್ತಕ್ಷರ ತಪ್ಪಿದೆ. ತಿದ್ದು."